ಅಮ್ಮನ ಮುಳುಗಡೆ ನೆನಪು ಲೈಬ್ರರಿ ಸೇರಿದ ಬಗೆ

ಅಮ್ಮನ ಪುಸ್ತಕ ಕೊನೆಗೂ ಲೈಬ್ರರಿ ಸೇರಿತು. ಅಕ್ಸೆಷನ್ ನಂಬರ್, ಅಂದರೆ ಲೈಬ್ರರಿಯ ರಿಜಿಸ್ಟರಿನಲ್ಲಿ ಪುಸ್ತಕಕ್ಕೆ ಕೊಡುವ ನಂಬರ್, ಬಿದ್ದಿದೆ, ಬೆನ್ನಿಗೆ ಚೀಟಿ ಅಂಟಿದೆ. ಮೊನ್ನೆ ಯಾರೋ ಓದಲು ಮನೆಗೂ ಒಯ್ದರಂತೆ. ಇಷ್ಟಾಗಲು ವರ್ಷದ ಮೇಲೆಯೇ ಹಿಡಿಯಿತು.

ಅಪ್ಪ ಅಮ್ಮನ ನೆನಪುಗಳನ್ನು ಪುಸ್ತಕ ಮಾಡಿಸಬೇಕು ಅನ್ನುವ ಆಸೆ ತುಂಬ ಜನಕ್ಕಿದೆ. ಎಲ್ಲಿಂದ ಶುರು ಮಾಡಬೇಕು, ಎಷ್ಟು ಖರ್ಚು, ಯಾವ ಕಾಗದ ಬೇಕು ಅಂತ ಒಂದೇ ಕಡೆ ಹೇಳುವವರು ಸಿಗುವುದಿಲ್ಲ. ಅವರಿವರನ್ನು ಕೇಳಿ ತಿಳಿದುಕೊಂಡದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ಇನ್ನೊಬ್ಬರಿಗೆ ಇಷ್ಟು ಅಲೆದಾಟ ಬೇಡ.

ಅಮ್ಮ ಹುಟ್ಟಿದ ಊರು ಈಗ ಇಲ್ಲ. ಸಾಗರ ತಾಲ್ಲೂಕಿನಲ್ಲಿ ಶರಾವತಿ ದಂಡೆಯ ಪುಟ್ಟ ಹಳ್ಳಿ ಅದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು, ಊರು ಹಿನ್ನೀರಿನ ಅಡಿಗೆ ಹೋಯಿತು. ಆಗ ಅಮ್ಮನಿಗೆ ಹತ್ತೋ ಹನ್ನೊಂದೋ. ಮನೆ, ತೋಟ, ಶಾಲೆ, ದೇವಸ್ಥಾನದ ಕಟ್ಟೆ ಯಾವುದರ ಫೋಟೋವೂ ನಮ್ಮ ಹತ್ತಿರ ಇಲ್ಲ. ಎಲ್ಲ ಅಮ್ಮನ ತಲೆಯಲ್ಲಿ ಮಾತ್ರ. ಈಗ ಅವರಿಗೆ ಎಪ್ಪತ್ತು ದಾಟಿದೆ. ನಾನು ಅವಸರ ಮಾಡಿದ್ದು ಅದಕ್ಕೇ.

ಪುಸ್ತಕದ ಮಾತು ಎತ್ತಿದಾಗ ಅಮ್ಮ ಹಾಕಿದ ಷರತ್ತು ಒಂದೇ. ಬಿಡುಗಡೆ ಸಮಾರಂಭ ಬೇಡ, ಹಾರ ತುರಾಯಿ ಬೇಡ. "ಲೈಬ್ರರಿಯಲ್ಲಿ ಇರಬೇಕು. ಮನೆಯಲ್ಲಿ ಕಟ್ಟು ಕಟ್ಟಿ ಇಡೋದಾದ್ರೆ ಮಾಡ್ಸೋದೇ ಬೇಡ ಮಾರಾಯ್ತಿ" ಅಂದರು.

ಮೊದಲ ಕೆಲಸ ಮಾತು ರೆಕಾರ್ಡ್ ಮಾಡುವುದು. ಅದಕ್ಕೆ ಫೋನು ಸಾಕು. ಆದರೆ ಫೋನು ಎದುರಿಗಿಟ್ಟು "ನಿನ್ನ ಬಾಲ್ಯ ಹೇಗಿತ್ತಮ್ಮ" ಅಂತ ಕೇಳಿದರೆ ಏನೂ ಬರುವುದಿಲ್ಲ. "ಎಲ್ಲರ ಹಾಗೇ ಇತ್ತು, ಹೇಳಕ್ಕೆ ಏನಿರ್ತದೆ" ಅಂತ ಎದ್ದು ಹೋಗುತ್ತಿದ್ದರು. ಸಣ್ಣ ಸಣ್ಣ ಪ್ರಶ್ನೆ ಕೇಳಿದಾಗ ದಾರಿ ಬಿಟ್ಟಿತು. ಅಟ್ಟದ ಮೇಲೆ ಏನೇನಿತ್ತು? ಜಗಲಿಯಲ್ಲಿ ಯಾರ ಜಾಗ ಯಾವುದು? ಮಳೆಗಾಲದಲ್ಲಿ ಹೊಳೆ ಹೇಗೆ ದಾಟುತ್ತಿದ್ದಿರಿ? ಅದೂ ಕೈಗೆ ಏನಾದರೂ ಕೆಲಸ ಇದ್ದಾಗ ಕೇಳಬೇಕು. ಅಮ್ಮ ಚೆನ್ನಾಗಿ ಮಾತಾಡುತ್ತಿದ್ದದ್ದು ಸೊಪ್ಪು ಬಿಡಿಸುವಾಗ, ಅವರೆಕಾಳು ಸುಲಿಯುವಾಗ. ಫ್ಯಾನ್ ಆಫ್ ಮಾಡಿ, ಇಲ್ಲದಿದ್ದರೆ ಅದರ ಸದ್ದೇ ಜಾಸ್ತಿ ಕೇಳಿಸುತ್ತದೆ. ಪ್ರತಿ ರೆಕಾರ್ಡಿಂಗಿಗೆ ಅವತ್ತೇ ತಾರೀಖು, ವಿಷಯ ಸೇರಿಸಿ ಹೆಸರು ಕೊಡಿ. ಒಂದು ಪ್ರತಿ ಬೇರೆ ಕಡೆ ಹಾಕಿಡಿ.

ಟ್ರಂಕಿನ ವಿಷಯ ಬಂದದ್ದು ಹಾಗೇ. ಊರು ಬಿಡುವಾಗ ಕೊನೆಯ ಗಾಡಿಯಲ್ಲಿ ಸ್ವಲ್ಪವೇ ಜಾಗ ಉಳಿದಿತ್ತಂತೆ. ಅಡಿಕೆ ಬೇಯಿಸುವ ತಾಮ್ರದ ಹಂಡೆ ಒಂದು ಕಡೆ, ಅಜ್ಜನ ಪುಸ್ತಕದ ಟ್ರಂಕು ಇನ್ನೊಂದು ಕಡೆ. ಹಂಡೆ ಇಲ್ಲದೆ ಹೊಸ ಜಾಗದಲ್ಲಿ ಬದುಕು ಹೇಗೆ ಅಂತ ಅಜ್ಜಿ. ಅಲ್ಲಿ ತೋಟವೇ ಇಲ್ಲ, ಹಂಡೆ ಇಟ್ಟುಕೊಂಡು ಏನು ಮಾಡ್ತೀ ಅಂತ ಅಜ್ಜ. ಕೊನೆಗೆ ಹೋದದ್ದು ಹಂಡೆ. ಟ್ರಂಕಿನಿಂದ ಅಜ್ಜ ಎತ್ತಿಕೊಂಡಷ್ಟು ಪುಸ್ತಕ ಹಂಡೆಯ ಒಳಗೆ ಕೂತು ಬಂದವು. ಉಳಿದದ್ದನ್ನು ಶಾಲೆಯ ಮೇಷ್ಟ್ರಿಗೆ ಕೊಟ್ಟರು. ಆ ಮೇಷ್ಟ್ರೂ ಅದೇ ವರ್ಷ ಬೇರೆ ಕಡೆ ಹೋದರು. ಅಮ್ಮನ ಬಾಯಲ್ಲಿ ಇದನ್ನು ನಾನು ಅದಕ್ಕೂ ಮೊದಲು ಕೇಳಿಯೇ ಇರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದೂ!

ಹೊಸ ಜಾಗ ಶಿವಮೊಗ್ಗ ತಾಲ್ಲೂಕಿನ ಕಾಡಂಚು. ಅಲ್ಲಿ ಶಾಲೆ ದೂರ. ಅಮ್ಮನನ್ನು ಶಿವಮೊಗ್ಗದಲ್ಲಿದ್ದ ಅತ್ತೆಯ ಮನೆಯಲ್ಲಿ ಬಿಟ್ಟರು. ಲೈಬ್ರರಿಯ ನಂಟು ಶುರುವಾದದ್ದು ಅಲ್ಲಿ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆದದ್ದು 1965ರಲ್ಲಿ. ಊರೂರಲ್ಲಿ ಸರ್ಕಾರಿ ಲೈಬ್ರರಿ ಬೆಳೆಯುತ್ತಿದ್ದ ಕಾಲ, ಅಮ್ಮ ಓದಲು ಹಸಿದಿದ್ದ ಕಾಲ, ಎರಡೂ ಒಂದೇ. ಇಳಿಜಾರು ಸ್ಟ್ಯಾಂಡಿನ ಮೇಲೆ ಪೇಪರ್ ಹರಡಿರುತ್ತಿತ್ತಂತೆ, ಎತ್ತರ ಸಾಲದೆ ಅಮ್ಮ ತುದಿಗಾಲಲ್ಲಿ ನಿಂತು ಓದುತ್ತಿದ್ದರಂತೆ. ಓದುವವರಲ್ಲಿ ಹೆಣ್ಣುಮಕ್ಕಳು ಒಬ್ಬರೋ ಇಬ್ಬರೋ. "ಅಲ್ಲಿ ಯಾರೂ ನೀನು ಮುಳುಗಡೆಯವಳಾ ಅಂತ ಕೇಳ್ತಿರ್ಲಿಲ್ಲ" ಅಂದರು ಅಮ್ಮ. ಆ ರೆಕಾರ್ಡಿಂಗ್ ನಿಲ್ಲಿಸಿ ನಾನು ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದೆ.

ಮದುವೆಯಾಗಿ ಭದ್ರಾವತಿಗೆ ಬಂದ ಮೇಲೆ ಬಾಡಿಗೆ ಲೈಬ್ರರಿಯಿಂದ ಕಾದಂಬರಿ ತರುತ್ತಿದ್ದರು. ‘ಸುಧಾ’ದಲ್ಲಿ ಬರುತ್ತಿದ್ದ ಧಾರಾವಾಹಿಯ ಹಾಳೆಗಳನ್ನು ವಾರ ವಾರ ಬಿಡಿಸಿ ಇಡುತ್ತಿದ್ದರು. ಧಾರಾವಾಹಿ ಮುಗಿದ ಮೇಲೆ ಗೋಣಿ ಹೊಲಿಯುವ ದಬ್ಬಳದಲ್ಲಿ ತೂತು ಮಾಡಿ, ದಾರ ಹಾಕಿ ಹೊಲಿದು, ಮೈದಾ ಅಂಟು ಕಾಸಿ ಹಳೇ ಕ್ಯಾಲೆಂಡರಿನ ರಟ್ಟು ಕಟ್ಟುವುದು. ಆ ಕಟ್ಟುಗಳು ಈಗಲೂ ಇವೆ. ಅಂಚು ಕಂದು ಬಣ್ಣಕ್ಕೆ ತಿರುಗಿದೆ, ಹೊಲಿಗೆ ಬಿಟ್ಟಿಲ್ಲ. ಒಳಗೆ ಬೇವಿನ ಎಲೆ ಪುಡಿಯಾಗಿ ಸಿಗುತ್ತದೆ. ಮನೆ ಕಂದಾಯದ ರಸೀದಿ ಬಂದಾಗಲೆಲ್ಲ ಅಮ್ಮ ಅದರಲ್ಲಿನ ಗ್ರಂಥಾಲಯ ಕರದ ಸಾಲಿನ ಮೇಲೆ ಬೆರಳಿಟ್ಟು ನಮಗೆ ತೋರಿಸುತ್ತಿದ್ದರು. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ ಲೈಬ್ರರಿಗೆ ಅಂತ ಹೋಗುತ್ತದೆ. ನಾವೂ ದುಡ್ಡು ಕೊಟ್ಟಿದ್ದೇವೆ, ಹೋಗಿ ಓದಿ ಅನ್ನುತ್ತಿದ್ದರು.

ರೆಕಾರ್ಡಿಂಗ್ ಮುಗಿಯುತ್ತಾ ಬಂದಾಗ ಸೋದರಮಾವನಿಗೆ ಓದಿ ಹೇಳಿದೆ. ಗಾಡಿ ಹೊರಟದ್ದು ಯುಗಾದಿಗೆ ಮೊದಲೋ ಆಮೇಲೋ ಅಂತ ಅಕ್ಕ ತಮ್ಮನಿಗೆ ವಾದ ಶುರುವಾಯಿತು. ಭೂಸ್ವಾಧೀನದ ಕಾಗದ ಸಿಕ್ಕರೆ ತಾರೀಖು ತಿಳಿಯುತ್ತದೆ ಅಂತ ಒಂದು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿದೆ. ಊರಿನ ಹೆಸರು, ಹಳೇ ಸರ್ವೆ ನಂಬರ್ ಎರಡೂ ಬೇಕು ಅಂದರು. ಮುಳುಗಿದ ಊರಿನ ಸರ್ವೆ ನಂಬರ್ ಎಲ್ಲಿ ಹುಡುಕುವುದು? ಮಾವನ ಮನೆಯ ಹಳೇ ಕಂದಾಯ ರಸೀದಿಯೊಂದರಲ್ಲಿ ಸಿಕ್ಕಿತು. ಅದನ್ನು ಕೊಟ್ಟು ತಿಂಗಳುಗಟ್ಟಲೆ ಕಾದೆವು. ಬಂದ ಉತ್ತರ, ಕಡತ ಲಭ್ಯವಿಲ್ಲ. ಅಮ್ಮ ಹೇಳಿದ್ದು ಒಂದು, ಮಾವ ಹೇಳಿದ್ದು ಒಂದು, ಎರಡನ್ನೂ ಹಾಗೇ ಪುಸ್ತಕದಲ್ಲಿ ಹಾಕಿದೆವು. ಯಾರ ನೆನಪನ್ನೂ ತಿದ್ದುವ ಹಕ್ಕು ನನಗಿಲ್ಲ. ನೀವೂ ಹಾಗೇ ಮಾಡಿ ಅನ್ನುತ್ತೇನೆ. ಇನ್ನೊಂದು, ಮನೆ ಪಾಲಿನ ಜಗಳ, ಸಾಲ, ಮುರಿದ ಸಂಬಂಧ ಇಂಥವು ಬಂದರೆ ಸಂಬಂಧಪಟ್ಟವರಿಗೆ ಆ ಪುಟ ತೋರಿಸಿ ಒಪ್ಪಿಗೆ ತಗೊಳ್ಳಿ. ನಾವು ಮೂರು ಪುಟ ತೆಗೆದೆವು. ಬೇಸರ ಆಯಿತು, ಆದರೆ ಚಿಕ್ಕಮ್ಮನ ಜೊತೆ ಮಾತು ಬಿಡುವುದು ಬೇಡ ಅನ್ನಿಸಿತು.

ಬರೆಯುವಾಗ ಫೋನಿನಲ್ಲಿ ಮಾತಾಡಿದ್ದನ್ನೇ ಅಕ್ಷರ ಮಾಡುವ ಸೌಲಭ್ಯ ಬಳಸಿ ನೋಡಿದೆ. ಪೇಟೆ ಕನ್ನಡ ಪರವಾಗಿಲ್ಲ. ಅಮ್ಮನ ಮಲೆನಾಡಿನ ಮಾತು ಬಂದ ಕಡೆ ಏನೇನೋ ಆಗುತ್ತಿತ್ತು. ಕೊನೆಗೆ ಕೇಳಿಕೊಂಡು ಕೈಯಲ್ಲೇ ಟೈಪ್ ಮಾಡಿದೆ. ಇದಕ್ಕೇ ಜಾಸ್ತಿ ಸಮಯ ಹೋದದ್ದು.

ಆಮೇಲೆ ಅಚ್ಚಿನ ಕೆಲಸ. ನಾನು ಟೈಪ್ ಮಾಡಿದ್ದು ಯೂನಿಕೋಡ್‌ನಲ್ಲಿ. ಡಿಟಿಪಿಯವರು ಪುಟ ಕಟ್ಟುವುದು ನುಡಿ ಫಾಂಟಿನಲ್ಲಿ. ಎರಡರಲ್ಲೂ ಅಕ್ಷರದ ಸಂಕೇತ ಬೇರೆ ಬೇರೆ. ಪರಿವರ್ತನೆ ಮಾಡಿದ ಕೂಡಲೇ ಅರ್ಕಾವತ್ತುಗಳು ಜಾಗ ಬಿಟ್ಟು ಓಡಿದವು, ಕೆಲವು ಒತ್ತಕ್ಷರ ಮಾಯವಾದವು. ‘ವರ್ಷ’ ಇದ್ದ ಕಡೆಯೆಲ್ಲ ‘ವಷ’ ಆಗಿತ್ತು. ಮೊದಲ ಪ್ರೂಫ್ ನೋಡಿ ಅಮ್ಮ ಸುಮ್ನೆ ಕೂತರು. ಆಮೇಲೆ ಕನ್ನಡಕ ಹಾಕಿಕೊಂಡು, ಕೆಂಪು ಪೆನ್ನು ಕೇಳಿ, ಒಂದೊಂದೇ ಸಾಲಿನ ಕೆಳಗೆ ಸ್ಕೇಲ್ ಇಟ್ಟು ತಿದ್ದಲು ಶುರು ಮಾಡಿದರು. ಎಪ್ಪತ್ತು ದಾಟಿದವರು ನೂರು ಪುಟ ಹಾಗೆ ತಿದ್ದಿದರು ಅಂದರೆ ನೋಡಿ. ನಿಮಗೆ ನನ್ನ ಸಲಹೆ: ಟೈಪ್ ಶುರು ಮಾಡುವ ಮೊದಲೇ ಡಿಟಿಪಿಯವರನ್ನು ಯಾವ ಫಾಂಟು ಅಂತ ಕೇಳಿ. ಯೂನಿಕೋಡ್‌ನಲ್ಲೇ ಪುಟ ಕಟ್ಟುವವರು ಈಗ ಸಿಗುತ್ತಾರೆ. ಅವರು ಸ್ವಲ್ಪ ಜಾಸ್ತಿ ಕೇಳಿದರೂ ಅಲ್ಲೇ ಕೊಡಿ. ಆಗ ಆ ಫೈಲು ಮುಂದೆ ಇ-ಪುಸ್ತಕಕ್ಕೂ ಆಗುತ್ತದೆ.

ಐಎಸ್‌ಬಿಎನ್, ಅಂದರೆ ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ನಂಬರ್, ಬೇಕಾ ಅಂತ ತುಂಬ ಜನ ಕೇಳುತ್ತಾರೆ. ಕಡ್ಡಾಯ ಅಲ್ಲ. ಆದರೆ ಲೈಬ್ರರಿಗೆ ಹೋಗಬೇಕಾದ ಪುಸ್ತಕಕ್ಕೆ ಇದ್ದರೆ ಒಳ್ಳೆಯದು. ಭಾರತದಲ್ಲಿ ಅದಕ್ಕೆ ಶುಲ್ಕ ಇಲ್ಲ. ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಕೊಡುತ್ತದೆ, ಅರ್ಜಿ ಆನ್‌ಲೈನ್‌ನಲ್ಲಿ. ಪ್ರಕಾಶಕರು ಇಲ್ಲದಿದ್ದರೆ ಲೇಖಕರ ಹೆಸರಲ್ಲೇ ಹಾಕಬಹುದು. ಗುರುತಿನ ಚೀಟಿ, ಮುಖಪುಟ, ಶೀರ್ಷಿಕೆ ಪುಟ ಸ್ಕ್ಯಾನ್ ಮಾಡಿ ಸಿದ್ಧ ಇಟ್ಟುಕೊಳ್ಳಿ. ದುಡ್ಡು ಕೊಟ್ಟರೆ ನಂಬರ್ ಕೊಡಿಸುತ್ತೇವೆ ಅನ್ನುವವರು ಸಿಗುತ್ತಾರೆ, ಕೊಡಬೇಡಿ. ನಮಗೆ ಯೋಚನೆ ಆದದ್ದು ಹೆಸರಿನದು. ಆಧಾರ್‌ನಲ್ಲಿ ಅಮ್ಮನ ಹೆಸರಿನ ಜೊತೆ ಅಪ್ಪನ ಹೆಸರಿದೆ. ಪುಸ್ತಕದಲ್ಲಿ ಮುಳುಗಿದ ಊರಿನ ಹೆಸರು ಇರಲಿ ಅಂತ ಅಮ್ಮನ ಆಸೆ. ಎರಡೂ ಹೆಸರು ಒಬ್ಬರದೇ ಅಂತ ಅಮ್ಮ ಸಹಿ ಮಾಡಿದ ಪತ್ರ ಒಂದನ್ನು ಜೊತೆಗೆ ಲಗತ್ತಿಸಿದೆವು. ನಂಬರ್ ಬರುವ ತನಕ ಅಚ್ಚಿಗೆ ಕೊಡಬೇಡಿ, ಅದು ಹಿಂಬದಿ ರಕ್ಷಾಪುಟದ ಮೇಲೆ ಹೋಗಬೇಕು. ಆ ವಾರಗಳಲ್ಲಿ ಅಮ್ಮ ದಿನಾ ಬೆಳಿಗ್ಗೆ "ಬಂತಾ?" ಅಂತ ಕೇಳುತ್ತಿದ್ದರು.

ಖರ್ಚಿನ ವಿಷಯ. ಡೆಮಿ 1/8 ಅಳತೆ, 112 ಪುಟ, 200 ಪ್ರತಿ. ಡಿಜಿಟಲ್ ಮುದ್ರಣ, 70 ಜಿಎಸ್ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದ. ಪುಟ ಕಟ್ಟಲು ಪುಟಕ್ಕೆ 40 ರೂಪಾಯಿಯಂತೆ 4,480. ಮುಖಪುಟ ವಿನ್ಯಾಸ 2,500. ಮುದ್ರಣ, ಬೈಂಡಿಂಗ್ ಸೇರಿ ಪ್ರತಿಗೆ 92 ರೂಪಾಯಿಯಂತೆ 18,400. ಒಟ್ಟು 25 ಸಾವಿರ ಚಿಲ್ಲರೆ. 16 ಪುಟಕ್ಕೆ ಒಂದು ಫಾರಂ; ಪುಟಗಳು 16ರ ಲೆಕ್ಕಕ್ಕೆ ಸರಿಹೋದರೆ ಫಾರಂ ಪೂರ್ತಿ ಆಗುತ್ತದೆ, ಖಾಲಿ ಹಾಳೆ ಉಳಿಯುವುದಿಲ್ಲ. ನಮ್ಮದು ಸರಿಯಾಗಿ 7 ಫಾರಂ. ನಕ್ಷೆ ಒಂದಕ್ಕೆ ಮಾತ್ರ ನಾನು ಹಟ ಹಿಡಿದು ಮಡಚುವ ಹಾಳೆ ಹಾಕಿಸಿದೆ. ಅದರ ದುಡ್ಡು ಬೇರೆ. ಅಮ್ಮ ಪೆನ್ಸಿಲಿನಲ್ಲಿ ಬರೆದ ನಕ್ಷೆ ಅದು. ಯಾರ ಮನೆ, ಯಾವ ಮರ, ಹೊಳೆಗೆ ಇಳಿಯುವ ಮೆಟ್ಟಿಲು ಎಲ್ಲ ಇದೆ. ಲಿಂಗನಮಕ್ಕಿ ತುಂಬುವ ಮಟ್ಟ ಸಮುದ್ರ ಮಟ್ಟದಿಂದ 1,819 ಅಡಿ. ಎಷ್ಟೇ ಬರ ಬಂದರೂ ಅಮ್ಮನ ಮನೆಯ ಜಾಗ ಕಾಣುವುದಿಲ್ಲ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಕಾಣುವುದು ಲಿಂಗನಮಕ್ಕಿಗೂ ಹಳೆಯ ಹಿರೇಭಾಸ್ಕರ ಅಣೆಕಟ್ಟೆ. ಅದೂ ಲಿಂಗನಮಕ್ಕಿಯಲ್ಲೇ ಮುಳುಗಿದ್ದು.

ಪುಸ್ತಕ ಬಂದ ಮೇಲೆ ತಿಳಿದವರೊಬ್ಬರು ಒಂದು ವಿಷಯ ಹೇಳಿದರು, ಇದು ಬಹಳ ಜನಕ್ಕೆ ಗೊತ್ತಿಲ್ಲ. 1954ರ ಕಾಯ್ದೆಯೊಂದರ ಪ್ರಕಾರ, ದೇಶದಲ್ಲಿ ಪ್ರಕಟವಾದ ಪುಸ್ತಕದ ಒಂದೊಂದು ಪ್ರತಿಯನ್ನು ಪ್ರಕಾಶಕರು 30 ದಿನದೊಳಗೆ ತಮ್ಮ ಖರ್ಚಿನಲ್ಲೇ ನಾಲ್ಕು ಲೈಬ್ರರಿಗೆ ಕಳಿಸಬೇಕು. ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮರಾ, ಮುಂಬೈನ ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯ, ದೆಹಲಿ ಪಬ್ಲಿಕ್ ಲೈಬ್ರರಿ. ನಾವೇ ಪ್ರಕಾಶಕರಾದರೆ ನಾವೇ ಕಳಿಸಬೇಕು. ಇದನ್ನು ಕೇಳಿ ಅಮ್ಮನಿಗೆ ಎಷ್ಟು ಖುಷಿ ಆಯಿತೆಂದರೆ, ನಾಲ್ಕು ಲಕೋಟೆಯ ಮೇಲೂ ವಿಳಾಸ ತಾವೇ ಬರೆದರು. ಅಂಚೆ ಕಚೇರಿಯಲ್ಲಿ ಜ್ಞಾನ್ ಪೋಸ್ಟ್ ಅಂತ ಕೇಳಿ, ಪುಸ್ತಕ ಕಳಿಸಲು ಇರುವ ಕಡಿಮೆ ದರದ ಸೇವೆ ಅದು. 2025ರ ಮೇ ತಿಂಗಳಿಂದ ಇದೆ. 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿವರೆಗೆ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕದಲ್ಲಿ ಪ್ರಕಾಶಕರ ಇಲ್ಲವೇ ಮುದ್ರಕರ ಹೆಸರು ಇರಬೇಕು, ಜಾಹೀರಾತು ಇರಬಾರದು. ನಮ್ಮ ಪುಸ್ತಕ ತೂಕದಲ್ಲಿ ಆರಾಮಾಗಿ 300ರ ಒಳಗೇ ಬಂತು. ಕೌಂಟರಿನಲ್ಲಿ ಕೊಡುವ ರಸೀದಿ ಎತ್ತಿಡಿ.

ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಒಂದು ಪ್ರತಿಯನ್ನು ಕೈಯಾರೆ ಕೊಡೋಣ ಅಂತ ಅಮ್ಮನನ್ನು ಕರೆದುಕೊಂಡು ಹೋದೆ. ಶೇಷಾದ್ರಿ ಅಯ್ಯರ್ ನೆನಪಿಗೆ ಕಟ್ಟಿದ್ದು ಅದು. ಒಳಗೆ ಎತ್ತರದ ಕಪಾಟುಗಳ ನಡುವೆ ಅಮ್ಮ ಮಾತಿಲ್ಲದೆ ತುಂಬ ಹೊತ್ತು ಓಡಾಡಿದರು.

ನೋವಾದದ್ದು ಇನ್ನೊಂದು ಕಡೆ. ನಮಗೆ ಹತ್ತಿರದ ಪೇಟೆಯ ಒಂದು ಲೈಬ್ರರಿಗೆ ಐದು ಪ್ರತಿ ಕೊಟ್ಟಿದ್ದೆವು. "ಇಟ್ಟು ಹೋಗಿ, ಎಂಟ್ರಿ ಮಾಡ್ಕೋತೀವಿ" ಅಂದರು. ತಿಂಗಳುಗಳ ನಂತರ ಅಮ್ಮ ನೋಡಬೇಕು ಅಂದರೆಂದು ಹೋದೆವು. ಕಪಾಟಿನಲ್ಲಿ ಇರಲಿಲ್ಲ. ಹುಡುಕಿದಾಗ ಮೂಲೆಯಲ್ಲಿ ಹಳೇ ಪೇಪರಿನ ರಾಶಿಯ ಪಕ್ಕ, ನಾನು ಕಟ್ಟಿದ ಸೆಣಬಿನ ದಾರವೂ ಬಿಚ್ಚದೆ, ಹಾಗೇ ಇತ್ತು. ಅಮ್ಮ ಏನೂ ಅನ್ನಲಿಲ್ಲ. ಬಸ್ಸಿನಲ್ಲಿ ಬರುವಾಗಲೂ ಅನ್ನಲಿಲ್ಲ. ನನಗೆ ಸಿಟ್ಟು, ಅಳು ಎರಡೂ ಬಂದಿತ್ತು. ಅಲ್ಲಿರುವವರು ಒಬ್ಬರೇ, ಕೆಲಸ ಹತ್ತು ಇರುತ್ತದೆ, ಅದು ನನಗೂ ಗೊತ್ತು. ಆದರೂ.

ಹಾಗಾಗಿ ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಪುಸ್ತಕ ಕೊಡುವಾಗ ಸುಮ್ನೆ ಮೇಜಿನ ಮೇಲೆ ಇಟ್ಟು ಬರಬೇಡಿ. ಕೊಡುಗೆ ಪತ್ರ ಎರಡು ಪ್ರತಿ ಬರೆಯಿರಿ. ಪುಸ್ತಕದ ಹೆಸರು, ಲೇಖಕರು, ವರ್ಷ, ಎಷ್ಟು ಪ್ರತಿ ಅಂತ ಇರಲಿ. ಒಂದರ ಮೇಲೆ ಮೊಹರು, ಸಹಿ ಹಾಕಿಸಿಕೊಳ್ಳಿ. ಅಕ್ಸೆಷನ್ ರಿಜಿಸ್ಟರಿನ ನಂಬರ್ ಯಾವಾಗ ಸಿಗುತ್ತದೆ ಅಂತ ಕೇಳಿ, ಆ ದಿನ ಮತ್ತೆ ಹೋಗಿ. ನಂಬರ್ ಬಿದ್ದರೆ ಮಾತ್ರ ಅದು ಲೈಬ್ರರಿಯ ಪುಸ್ತಕ. ಹೋಗುವ ಮೊದಲು ಫೋನ್ ಮಾಡಿ, ಸಾಮಾನ್ಯವಾಗಿ ಸೋಮವಾರ ರಜೆ. ಒಂದು ಊರಿಗೆ ಒಂದೋ ಎರಡೋ ಪ್ರತಿ ಸಾಕು. ಹಳ್ಳಿಯ ಗ್ರಾಮ ಪಂಚಾಯಿತಿ ಲೈಬ್ರರಿಗಳು 2019ರಿಂದ ಪಂಚಾಯತ್ ರಾಜ್ ಇಲಾಖೆಯ ಕೆಳಗೆ ಬಂದಿವೆ, ಈಗ ಅವನ್ನು ಅರಿವು ಕೇಂದ್ರ ಅನ್ನುತ್ತಾರೆ. ಅಲ್ಲಿಗೆ ಕೊಡುವುದಾದರೆ ಪತ್ರವನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹೆಸರಿಗೆ ಬರೆದು, ಮೇಲ್ವಿಚಾರಕರ ಕೈಗೆ ಪುಸ್ತಕ ಕೊಡಿ.

ನಾವು ಆ ಕಟ್ಟನ್ನು ಕೇಳಿ ವಾಪಸ್ ತಂದು, ಹಿನ್ನೀರಿನ ಆಚೆ ದಡದ ಒಂದು ಅರಿವು ಕೇಂದ್ರಕ್ಕೆ ಒಯ್ದೆವು. ಅಮ್ಮನ ಊರು ಮುಳುಗಿದ ಜಾಗಕ್ಕೆ ಅದೇ ಹತ್ತಿರ. ಮೊದಲೆಲ್ಲ ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ನಡುವೆ ಸೇತುವೆ ತೆರೆದ ಮೇಲೆ ಕಾರು ಸೀದಾ ಹೋಗುತ್ತದೆ. ಸೇತುವೆ ದಾಟುವಷ್ಟು ಹೊತ್ತೂ ಅಮ್ಮ ಕಿಟಕಿಯ ಆಚೆ ನೀರಿನ ಮೇಲೆ ಬೆರಳು ತೋರಿಸಿ ಇಂಥವರ ಗದ್ದೆ, ಇಂಥವರ ತೋಟ ಅಂತ ಹೇಳುತ್ತಲೇ ಇದ್ದರು. ಡ್ರೈವರ್ ಹುಡುಗ ಗಾಡಿ ನಿಧಾನ ಮಾಡಿದ.

ಅಲ್ಲಿನ ಮೇಲ್ವಿಚಾರಕಿ ಚಿಕ್ಕ ವಯಸ್ಸಿನವರು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೇ ರಿಜಿಸ್ಟರ್ ತೆಗೆದರು. ನಂಬರ್ ಬರೆದರು. ಶೀರ್ಷಿಕೆ ಪುಟಕ್ಕೆ ಮೊಹರು ಒತ್ತಿದರು. "ಒಳಗಿನ ಗುಟ್ಟಿನ ಪುಟಕ್ಕೂ ಒತ್ತಬೇಕಲ್ವಾ?" ಅಂದರು ಅಮ್ಮ. ಕಳುವಾದರೆ ಗುರುತು ಹಿಡಿಯಲಿ ಅಂತ ಲೈಬ್ರರಿಯವರು ತಾವು ಗೊತ್ತು ಮಾಡಿಕೊಂಡ ಒಂದು ಒಳಪುಟಕ್ಕೂ ಮುದ್ರೆ ಹಾಕುತ್ತಾರೆ. ಆ ಹುಡುಗಿಗೆ ಆಶ್ಚರ್ಯ. "ನಿಮಗೆ ಹೇಗೆ ಗೊತ್ತು ಅಮ್ಮಾ?" ಅಂದರೆ, "ಐವತ್ತು ವರ್ಷ ಲೈಬ್ರರಿ ಪುಸ್ತಕ ಓದಿದೀನಿ, ಅಷ್ಟೂ ಗೊತ್ತಾಗ್ದೇ ಇರ್ತದಾ" ಅಂದರು.

ಆಮೇಲೆ ಆ ಮೇಲ್ವಿಚಾರಕಿ ಕೇಳಿದ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. "ಇದನ್ನ ಜೀವನ ಚರಿತ್ರೆಯ ಸಾಲಲ್ಲಿ ಇಡಲಾ, ಇತಿಹಾಸದಲ್ಲಿ ಇಡಲಾ?" ಲೈಬ್ರರಿಗಳಲ್ಲಿ ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಜೀವನ ಚರಿತ್ರೆಗಳು 920ಕ್ಕೆ ಹೋಗುತ್ತವೆ, ಕರ್ನಾಟಕದ ಇತಿಹಾಸ 954.87ಕ್ಕೆ. ಅಮ್ಮ ಯೋಚನೆ ಮಾಡಲೇ ಇಲ್ಲ. "ಇತಿಹಾಸದಲ್ಲೇ ಇಡಮ್ಮ. ನಂದು ಏನಿದೆ, ಅದು ಊರಿಂದು." ಬೆನ್ನಿನ ಚೀಟಿಯ ಮೇಲೆ 954.87 ಅಂತ ಬಿತ್ತು. ಒಂದು ಊರಿನ ಬಗ್ಗೆ ನೆನಪು ಬರೆಸಿದವರು ಈ ಪ್ರಶ್ನೆಗೆ ಮೊದಲೇ ಉತ್ತರ ಯೋಚಿಸಿಟ್ಟುಕೊಳ್ಳಿ, ಕೇಳದಿದ್ದರೂ ನೀವೇ ಹೇಳಿ. ಓದುವವರ ಕೈಗೆ ಸಿಗುವುದು ಅದರ ಮೇಲೆಯೇ.

ಪುಸ್ತಕದ ಕೊನೆಯ ಪುಟದಲ್ಲಿ ನನ್ನ ಫೋನ್ ನಂಬರ್ ಹಾಕಿಸಿದ್ದೆ. ಅದು ಕೆಲಸಕ್ಕೆ ಬಂತು. ಮುಳುಗಡೆಯ ಮನೆಗಳವರು ಎಲ್ಲೆಲ್ಲಿಂದಲೋ ಫೋನ್ ಮಾಡುತ್ತಿದ್ದಾರೆ. ಸೊರಬದಿಂದ ಒಬ್ಬರು, ನಕ್ಷೆಯಲ್ಲಿ ಹಲಸಿನ ಮರ ತೋರಿಸಿದ ಕಡೆ ತಮ್ಮ ಅಜ್ಜನ ಅಂಗಡಿ ಇತ್ತು ಅಂದರು. ಇನ್ನೂ ಹಕ್ಕುಪತ್ರ ಸಿಗದ ಮನೆಯವರೊಬ್ಬರು, ಊರಿನ ಮನೆಗಳ ಪಟ್ಟಿ ಸಿಕ್ಕರೆ ಉಪಕಾರ ಆಗುತ್ತದೆ ಅಂದರು. ಅಮ್ಮ ಈಗ ಒಂದು ನೋಟ್‌ಬುಕ್ ಇಟ್ಟು ಎಲ್ಲ ಬರೆದುಕೊಳ್ಳುತ್ತಿದ್ದಾರೆ, ಸಂಶಯ ಇದ್ದರೆ ಮಾವನಿಗೆ ಫೋನ್ ಮಾಡಿ ಮತ್ತೆ ವಾದ ಮಾಡುತ್ತಾರೆ. ನಕ್ಷೆ ತಿದ್ದಿ, ಹೊಸ ಅಧ್ಯಾಯ ಸೇರಿಸಿ ಮತ್ತೊಮ್ಮೆ ಅಚ್ಚು ಹಾಕಿಸಬೇಕು. ಬರೀ ಮರುಮುದ್ರಣ ಆದರೆ ಹಳೇ ಐಎಸ್‌ಬಿಎನ್ ನಡೆಯುತ್ತದೆ, ಇಷ್ಟೆಲ್ಲ ಬದಲಾದರೆ ಪರಿಷ್ಕೃತ ಆವೃತ್ತಿ, ಹೊಸ ನಂಬರ್ ಬೇಕು. ಆ ಅರ್ಜಿಗೆ ಬೇಕಾದ ಕಾಗದಗಳನ್ನು ನಿನ್ನೆ ರಾತ್ರಿ ತೆಗೆದಿಟ್ಟಿದ್ದೇನೆ.